ಮೂವರಲ್ಲಿ ಒಬ್ಬಳು ಹೋದ ಮೇಲೆ

'ಫ್ರೀಕ್ ಲೈಕ್ ಮಿ' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕಿವಿ ತುಂಬುವುದು ತಳದ ಸಿಂಥಸೈಜರಿನ ಮೊರೆತ. ಭಾರ ಹೇರಿದ ಎತ್ತಿನಗಾಡಿ ಏರು ಹತ್ತುವ ಹಾಗೆ ಅದು ಮುಂದಕ್ಕೆ ಜಗ್ಗುತ್ತದೆ, ಮತ್ತೆ ಹಿಂದಕ್ಕೆ ಜಾರುತ್ತದೆ. ಅದರ ಮೇಲೆ ಮೂವರು ಹುಡುಗಿಯರು ಯಾವ ಅವಸರವೂ ಇಲ್ಲದೆ, ಕೊಂಚ ಉಡಾಫೆಯಲ್ಲೇ ಹಾಡುತ್ತಾರೆ. ಕೆಳಗಿನ ಸಂಗೀತ 1979ರದು. ಮೇಲಿನ ಹಾಡು 1995ರದು. ದನಿಗಳು 2002ರವು. ಆ ಮೂರು ದನಿಗಳಲ್ಲಿ ಒಂದು ತಂಡಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಈ ಹಾಡಿನಿಂದ ಶುರುವಾಗುವ ಆಲ್ಬಮ್ಮಿನ ಹೆಸರು 'ಏಂಜೆಲ್ಸ್ ವಿತ್ ಡರ್ಟಿ ಫೇಸಸ್'. ಲಂಡನ್ನಿನ ಶುಗಾಬೇಬ್ಸ್ ತಂಡದ ಎರಡನೇ ಆಲ್ಬಮ್, 2002ರ ಆಗಸ್ಟ್ 26ರಂದು ಹೊರಬಂದದ್ದು. ಪಾಪ್ ತಂಡದಲ್ಲಿ ಆಳು ಬದಲಾದರೆ ನಿಜಕ್ಕೂ ಬದಲಾಗುವುದೇನು, ಉಳಿಯುವುದೇನು ಎಂದು ಯಾರಾದರೂ ಕೇಳಿದರೆ ನಾನು ಕೈಗೆತ್ತಿಕೊಳ್ಳುವುದು ಇದನ್ನೇ. ಒಬ್ಬಳ ದನಿ ತೆಗೆದು ಇನ್ನೊಬ್ಬಳ ದನಿ ಕೂರಿಸುವ ಕೆಲಸ ಇಲ್ಲಿ ತಂಡದಲ್ಲೂ ನಡೆದಿದೆ, ಮೊದಲ ಹಾಡಿನ ಒಳಗೂ ನಡೆದಿದೆ. ಎರಡನೆಯದು ಹೇಗೆ ನಡೆಯಿತೆಂದು ತಿಳಿದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಹುಡುಗಿಯರ ಪರಿಚಯ. 1998ರಲ್ಲಿ ತಂಡ ಕಟ್ಟಿದಾಗ ಮೂವರೂ ಹೈಸ್ಕೂಲ್ ವಯಸ್ಸಿನವರು. ಒಬ್ಬಳು ಕೀಶಾ ಬ್ಯುಕಾನನ್. ಇನ್ನೊಬ್ಬಳು ಮುತ್ಯಾ ಬ್ವೇನಾ. ಅಪ್ಪ ಫಿಲಿಪ್ಪೀನ್ಸ್ ಮೂಲದವರು, ಅಲ್ಲಿನ ತಗಾಲಾಗ್ ಭಾಷೆಯಲ್ಲಿ ಮುತ್ಯಾ ಎಂದರೆ ಮುತ್ತು. ಕಲಬುರಗಿ, ವಿಜಯಪುರದ ಕಡೆಯವರಿಗೆ ಈ ಹೆಸರು ಕೇಳಿದೊಡನೆ ಅಜ್ಜ ನೆನಪಾದರೆ ತಪ್ಪೇನಿಲ್ಲ. ಮೂರನೆಯವಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿ 'ಸಿಯೋಭಾನ್' ಎಂದು ಓದಿಬಿಡುತ್ತೇವೆ. ಅದು ಐರಿಷ್ ಹೆಸರು, ಉಚ್ಚಾರ ಶಿವಾನ್. ಶಿವಾನ್ ಡೊನಾಹೀ.

ಇವರ ಮೊದಲ ಹಾಡು 'ಓವರ್‌ಲೋಡ್' 2000ದ ಸೆಪ್ಟೆಂಬರಿನಲ್ಲಿ ಬಂತು. ಆಗಿನ ಹುಡುಗಿಯರ ತಂಡಗಳೆಂದರೆ ಮುಖದ ತುಂಬ ನಗು, ಮೈತುಂಬ ಕುಣಿತ. ಇವರು ನಗಲೂ ಇಲ್ಲ, ಕುಣಿಯಲೂ ಇಲ್ಲ. ಹಾಡಿನ ನಟ್ಟನಡುವೆ ಒಂದು ಗಿಟಾರ್ ಸೋಲೋ ಬೇರೆ. ಬ್ರಿಟನ್ನಿನ ಸಿಂಗಲ್ಸ್, ಅಂದರೆ ಬಿಡಿಯಾಗಿ ಹೊರತರುವ ಹಾಡುಗಳ, ಪಟ್ಟಿಯಲ್ಲಿ ಅದು 6ನೇ ಸ್ಥಾನಕ್ಕೆ ಏರಿತು, ವಿಮರ್ಶಕರು ಹೊಗಳಿದರು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಬಂದ ಮೊದಲ ಆಲ್ಬಮ್ 'ಒನ್ ಟಚ್' 26ನೇ ಸ್ಥಾನದಲ್ಲೇ ನಿಂತಿತು. ಮುಂದಿನ ಸಿಂಗಲ್ಸ್‌ಗಳ ಲೆಕ್ಕ ನೋಡಿದರೆ ಇಳಿಜಾರು ಕಣ್ಣಿಗೆ ಹೊಡೆಯುತ್ತದೆ: 12, 13, ಆಮೇಲೆ 30. ಹೊಗಳಿಕೆಯಿಂದ ಕಂಪನಿಯ ಹೊಟ್ಟೆ ತುಂಬುವುದಿಲ್ಲ.

2001ರ ಆಗಸ್ಟಿನಲ್ಲಿ, ಜಪಾನಿನಲ್ಲಿ ಪ್ರಚಾರಕ್ಕೆಂದು ಓಡಾಡುತ್ತಿದ್ದಾಗ, ಶಿವಾನ್ ತಂಡ ಬಿಟ್ಟಳು. ಆ ದಿನಗಳಲ್ಲಿ ತನ್ನನ್ನು ಕಾಡಿದ ಖಿನ್ನತೆಯ ಬಗ್ಗೆ ಮುಂದೆ ಅವಳೇ ಮಾತಾಡಿದ್ದಾಳೆ. ಲಂಡನ್ ರೆಕಾರ್ಡ್ಸ್ ಕಂಪನಿಯೂ ಕೈಬಿಟ್ಟಿತು. ಉಳಿದದ್ದು ಇಬ್ಬರು ಹದಿಹರೆಯದ ಹುಡುಗಿಯರು ಮತ್ತು ಒಂದು ಹೆಸರು.

ಆ ಹೆಸರು ಸಣ್ಣ ಸಂಗತಿಯಲ್ಲ. ಕೇಳುವವರಿಗೆ ಪಾಪ್ ತಂಡವೆಂದರೆ ಒಟ್ಟಿಗೆ ಬೆಳೆದ ಗೆಳತಿಯರು. ಮಾರುವವರಿಗೆ ಅದು ನಾಲ್ಕೈದು ಬೇರೆ ಬೇರೆ ವಸ್ತುಗಳ ಗಂಟು. ಅದರಲ್ಲಿ ಹೆಸರಿದೆ, ಕಂಪನಿಯೊಡನೆ ಮಾಡಿಕೊಂಡ ಕರಾರಿದೆ, ಹಾಡು ಬರೆದು ರೆಕಾರ್ಡ್ ಮಾಡುವ ನಿರ್ಮಾಪಕರಿದ್ದಾರೆ, ದನಿಗಳ ಹೊಂದಿಕೆ ಇದೆ, ಇವೆಲ್ಲ ಆದ ಮೇಲೆ ಮುಖಗಳಿವೆ. ಅಭಿಮಾನಿಯ ಕಣ್ಣಿಗೆ ಮೊದಲು ಬೀಳುವುದು ಮುಖ. ಅದಕ್ಕೇ ಒಂದು ಮುಖ ಹೋದರೆ ತಂಡವೇ ಮುಗಿಯಿತು ಅನ್ನಿಸುತ್ತದೆ. ಯಕ್ಷಗಾನ ಮೇಳಗಳನ್ನು ನೋಡಿ ಬೆಳೆದ ಕರಾವಳಿಯವರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣಲಿಕ್ಕಿಲ್ಲ: ವೇಷಧಾರಿ ಈ ವರ್ಷ ಒಂದು ಮೇಳದಲ್ಲಿ, ಮುಂದಿನ ತಿರುಗಾಟಕ್ಕೆ ಇನ್ನೊಂದರಲ್ಲಿ, ಮೇಳದ ಹೆಸರು ಮಾತ್ರ ಅದೇ. ಆದರೆ ಮೇಳದಲ್ಲಿ ಪ್ರಸಂಗ ಎಲ್ಲರ ಸ್ವತ್ತು, ಯಾರು ಬಂದರೂ ಆಡಬಹುದು. ಪಾಪ್ ತಂಡದ ಹಾಡಿಗೆ ಹಾಡಿದವರ ದನಿಯೇ ಅಂಟಿಕೊಂಡಿರುತ್ತದೆ. ಕಷ್ಟ ಶುರುವಾಗುವುದು ಅಲ್ಲಿ.

ಎರಡನೇ ಆಲ್ಬಮ್ಮಿಗೆ ಹುಟ್ಟಿನಿಂದಲೇ ಒಂದು ತೊಡಕು ಇರುತ್ತದೆ. ಮೊದಲನೆಯದರಲ್ಲಿ ತಂಡ ಹಲವು ವರ್ಷ ಕೂಡಿಟ್ಟ ಸರಕೆಲ್ಲ ಖಾಲಿಯಾಗಿರುತ್ತದೆ. ಎರಡನೆಯದನ್ನು ತಿಂಗಳುಗಳಲ್ಲಿ, ಪ್ರಚಾರದ ಓಡಾಟದ ನಡುವೆ ಕಟ್ಟಬೇಕು. ಜನರಿಗೆ ಹಳೆಯದರ ರುಚಿಯೂ ಬೇಕು, ಹೊಸತೂ ಬೇಕು. ಇದರ ಮೇಲೆ ಆಳೂ ಬದಲಾದರೆ ಕೇಳುಗರು ಸಂಶಯದಿಂದಲೇ ಕಿವಿಗೊಡುತ್ತಾರೆ. ಶುಗಾಬೇಬ್ಸ್ ವಿಷಯದಲ್ಲಿ ಕಂಪನಿ ಕೈಬಿಟ್ಟದ್ದೇ ಒಂದು ರೀತಿಯಲ್ಲಿ ಒಳ್ಳೆಯದಾಯಿತು ಎಂದು ನನ್ನ ಲೆಕ್ಕ. ಹಳೆಯ ಕಂಪನಿಯಲ್ಲೇ ಉಳಿದಿದ್ದರೆ ಹಳೆಯ ನಿರ್ಮಾಪಕರು, ಹಳೆಯ ಧಾಟಿ, ಅದರಲ್ಲಿ ಒಂದು ದನಿ ಮಾತ್ರ ಬೇರೆ. ತೇಪೆ ಎದ್ದು ಕಾಣುತ್ತಿತ್ತು. ಐಲ್ಯಾಂಡ್ ರೆಕಾರ್ಡ್ಸ್‌ಗೆ ಹೋದಾಗ ಹಾಡು ಮಾಡುವವರೇ ಬಹುಮಟ್ಟಿಗೆ ಬದಲಾದರು. ಎಲ್ಲವೂ ಹೊಸತಾದಾಗ ಹೊಸ ಹುಡುಗಿಯೊಬ್ಬಳೇ ಹೊರಗಿನವಳಾಗಿ ಕಾಣಲಿಲ್ಲ. ಇಡೀ ಮನೆಗೇ ಸುಣ್ಣಬಣ್ಣ ಆದ ಮೇಲೆ ಕಾಲಿಟ್ಟ ಸೊಸೆಯ ಹಾಗೆ.

ಆ ಸೊಸೆ ಹೈಡಿ ರೇಂಜ್. ಲಿವರ್‌ಪೂಲಿನವಳು, ಆಗ 18 ವರ್ಷ. ಅವಳ ಹಿಂದಿನ ಕತೆಯೂ ಇದೇ ವಿಷಯಕ್ಕೆ ಬರುತ್ತದೆ. ಅಟಾಮಿಕ್ ಕಿಟನ್ ಎಂಬ ಇನ್ನೊಂದು ಮೂವರ ತಂಡದ ಮೊದಲ ಸದಸ್ಯೆಯರಲ್ಲಿ ಅವಳೊಬ್ಬಳು. ಆ ತಂಡದ ಮೊದಲ ಹಾಡು ಹೊರಬರುವ ಮೊದಲೇ ಬಿಟ್ಟಿದ್ದಳು. ಆಮೇಲೆ 2001ರಲ್ಲಿ ಅಟಾಮಿಕ್ ಕಿಟನ್‌ನ 'ಹೋಲ್ ಅಗೇನ್' ನಾಲ್ಕು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿ ಕೂತಿತು. ಸರಿಯಾಗಿ ಅದೇ ಹೊತ್ತಿಗೆ ಅಲ್ಲಿಂದ ಕೆರಿ ಕಟೋನಾ ಹೊರಟಳು, ಜೆನ್ನಿ ಫ್ರಾಸ್ಟ್ ಬಂದಳು. ಅವರೇನು ಮಾಡಿದರು ಗೊತ್ತೇ? ಹಿಂದಿನ ವರ್ಷ ಬಂದು ಸೊರಗಿದ್ದ ಮೊದಲ ಆಲ್ಬಮ್ಮಿಗೇ ಜೆನ್ನಿಯ ದನಿ ಸೇರಿಸಿ ಮತ್ತೆ ಮಾರುಕಟ್ಟೆಗೆ ಬಿಟ್ಟರು, ಅದು ಮೊದಲ ಸ್ಥಾನಕ್ಕೆ ಹೋಯಿತು. ದನಿಯನ್ನು ಬಿಚ್ಚಿ ಬೇರೆಯದನ್ನು ಜೋಡಿಸಬಹುದು ಎಂಬುದು ಆಗಿನ ಬ್ರಿಟಿಷ್ ಪಾಪ್ ಮಂದಿಗೆ ಚೆನ್ನಾಗಿ ಗೊತ್ತಿತ್ತು.

ಸ್ಟುಡಿಯೋದಲ್ಲಿ ಇದು ಕಷ್ಟದ ಕೆಲಸವಲ್ಲ. ಇಂಥ ಹಾಡಿನಲ್ಲಿ ಪ್ರತಿ ದನಿಗೂ ವಾದ್ಯಕ್ಕೂ ಬೇರೆ ಟ್ರ್ಯಾಕ್ ಇರುತ್ತದೆ. ಒಬ್ಬಳ ಸಾಲುಗಳನ್ನು ಮ್ಯೂಟ್ ಮಾಡಿ, ಅದೇ ಜಾಗದಲ್ಲಿ ಇನ್ನೊಬ್ಬಳಿಂದ ಹಾಡಿಸಿ ಮತ್ತೆ ಮಿಕ್ಸ್ ಮಾಡಿದರೆ ಮುಗಿಯಿತು. ಒಂಟಿ ಸಾಲಾದರೆ ಸಲೀಸು. ಮೂವರೂ ಒಟ್ಟಿಗೆ ಬೇರೆ ಬೇರೆ ಸ್ವರದಲ್ಲಿ ನಿಲ್ಲುವ ಹಾರ್ಮನಿ ಬಂದಾಗ ಮಾತ್ರ ಕೈ ತಡೆಯುತ್ತದೆ. ಅಲ್ಲಿ ಸ್ವರ ಸರಿಯಿದ್ದರೆ ಸಾಲದು, ದನಿಯ ಬಣ್ಣವೂ ಕೂಡಬೇಕು. ಮುತ್ಯಾಳದು ಕೆಳಸ್ಥಾಯಿಯ, ತುಸು ಒಡಕು ದನಿ. ಕೀಶಾ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ, ನಮ್ಮ ಗಮಕಕ್ಕೆ ಹತ್ತಿರವಾಗುವಂತೆ ಅಲುಗಿಸುತ್ತ ಹಾಡುವವಳು. ಶಿವಾನ್ ದನಿ ತೆಳು, ಉಸಿರು ಬೆರೆತದ್ದು, ಪಕ್ಕದಲ್ಲಿ ಕೂತು ಮಾತಾಡಿದಂತಿರುತ್ತಿತ್ತು. ಹೈಡಿಯದು ಸಪಾಟು, ತಿಳಿ, ಮೇಲಕ್ಕೆ ಸಲೀಸಾಗಿ ಏರುವ ದನಿ. ಹಾಗಾಗಿ 'ಒನ್ ಟಚ್'ನಲ್ಲಿದ್ದ ಮಬ್ಬು ಈ ಆಲ್ಬಮ್ಮಿನಲ್ಲಿಲ್ಲ, ಅದರ ಬದಲು ಹೊಳಪು ಬಂದಿದೆ. ನನಗೆ ಆ ಮಬ್ಬೇ ಇಷ್ಟ. ಆದರೆ ಹೊಳಪು ಹೆಚ್ಚು ಮಾರಾಟವಾಯಿತು ಎಂಬುದನ್ನು ಒಪ್ಪಲೇಬೇಕು.

ಈಗ ಆ ಮೊದಲ ಹಾಡಿನ ಸಂಗತಿ.

ರಿಚರ್ಡ್ ಎಕ್ಸ್ ಎಂಬ ಇಂಗ್ಲಿಷ್ ನಿರ್ಮಾಪಕ 'ಗರ್ಲ್ಸ್ ಆನ್ ಟಾಪ್' ಎಂಬ ಹುಸಿಹೆಸರಿನಲ್ಲಿ ಮ್ಯಾಶಪ್‌ಗಳನ್ನು ಮಾಡುತ್ತಿದ್ದ. ಒಂದು ಹಾಡಿನ ದನಿಯನ್ನು ಮಾತ್ರ ತೆಗೆದುಕೊಂಡು, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಹಾಡಿನ ವಾದ್ಯಸಂಗೀತದ ಮೇಲೆ ಕೂರಿಸುವುದು ಮ್ಯಾಶಪ್. ಮೊಬೈಲ್ ಇರುವ ಯಾರು ಬೇಕಾದರೂ ಇವತ್ತು ಮಾಡಿಬಿಡುತ್ತಾರೆ. ಆಗ ಕೇವಲ ದನಿಯಿರುವ ಟ್ರ್ಯಾಕ್ ಹುಡುಕಬೇಕಿತ್ತು, ಎರಡರ ಲಯ ಸರಿಗಟ್ಟಬೇಕಿತ್ತು, ಶ್ರುತಿ ಕೂಡಬೇಕಿತ್ತು. ಅವನು ಆರಿಸಿಕೊಂಡ ದನಿ ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಗಾಯಕಿ ಅಡೀನಾ ಹೊವಾರ್ಡ್ 1995ರಲ್ಲಿ ಹಾಡಿದ 'ಫ್ರೀಕ್ ಲೈಕ್ ಮಿ', ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿದ್ದ ಹಾಡು. ಅದರ ಅಡಿಗೆ ಇಟ್ಟದ್ದು ಗ್ಯಾರಿ ನ್ಯೂಮನ್‌ನ ಟ್ಯೂಬ್‌ವೇ ಆರ್ಮಿ ತಂಡದ 'ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್?', 1979ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಕಂಡದ್ದು. ಒಂದು ಮೈಬಿಸಿಯ ಹಾಡು, ಇನ್ನೊಂದು ಮಂಜುಗಡ್ಡೆಯಂಥ ಯಂತ್ರಸಂಗೀತ. ಒಂದರ ಮೇಲೊಂದು ಬಿದ್ದಾಗ ಎರಡರಲ್ಲೂ ಇಲ್ಲದ ಮೂರನೆಯ ಗುಣ ಹುಟ್ಟಿತು: ಆಹ್ವಾನದಂತೆ ಕೇಳಿಸುತ್ತಿದ್ದದ್ದು ಬೆದರಿಕೆಯಂತೆ ಕೇಳಿಸತೊಡಗಿತು.

ಇದು ಕಳ್ಳಮಾಲು. ಅನುಮತಿ ಕೇಳದೆ ಅಚ್ಚು ಹಾಕಿದ ಡಿಸ್ಕ್, ಕ್ಲಬ್ಬುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅಂಗಡಿಗೆ ತರಬೇಕೆಂದರೆ ಹಕ್ಕುಗಳ ಪ್ರಶ್ನೆ. ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಹಾಡಿಗೆ ಎರಡು ಒಡೆತನ. ಒಂದು, ಮಾತು ಮತ್ತು ಮಟ್ಟಿನದು, ಅಂದರೆ ರಚನೆಯದು. ಅದು ಬರೆದವರಿಗೂ ಅವರ ಪಬ್ಲಿಷರಿಗೂ ಸೇರಿದ್ದು. ಎರಡನೆಯದು ಧ್ವನಿಮುದ್ರಣದ್ದು, ಅಂದರೆ ಒಂದು ನಿರ್ದಿಷ್ಟ ದಿನ ನಿರ್ದಿಷ್ಟ ಗಾಯಕಿ ಹಾಡಿದಾಗ ಟೇಪಿನ ಮೇಲೆ ಕೂತ ದನಿಯದು. ಇದನ್ನು ಮಾಸ್ಟರ್ ಅನ್ನುತ್ತಾರೆ, ಸಾಮಾನ್ಯವಾಗಿ ಇದು ರೆಕಾರ್ಡ್ ಕಂಪನಿಯ ಸ್ವತ್ತು. ರಚನೆಗೆ ಅನುಮತಿ ಸಿಕ್ಕ ಮಾತ್ರಕ್ಕೆ ಮಾಸ್ಟರ್ ಸಿಕ್ಕಂತಲ್ಲ. ನಮ್ಮಲ್ಲಿ ಕ್ಯಾಸೆಟ್ ಕಾಲದಲ್ಲಿ ಹಳೆಯ ಹಿಂದಿ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಅಗ್ಗಕ್ಕೆ ಮಾರುತ್ತಿದ್ದುದು ನೆನಪಿರಬಹುದು. ಆ ವ್ಯಾಪಾರ ನಿಂತಿದ್ದು ಈ ಎರಡು ಒಡೆತನಗಳ ನಡುವಿನ ಸಂದಿಯಲ್ಲೇ.

ರಿಚರ್ಡ್ ಎಕ್ಸ್‌ಗೆ ಹೊವಾರ್ಡ್ ದನಿ ಬಳಸುವ ಅನುಮತಿ ಸಿಗಲಿಲ್ಲ. ದನಿ ಸಿಗದಿದ್ದರೆ ಹಾಡನ್ನು ಮತ್ತೊಬ್ಬರು ಹಾಡಬೇಕು. ಹಾಡಲು ಯಾರಿದ್ದಾರೆ? ಹಳೆಯ ಕಂಪನಿ ಬಿಟ್ಟು, ಒಬ್ಬಳನ್ನು ಕಳೆದುಕೊಂಡು, ಹೊಸಬಳನ್ನು ಸೇರಿಸಿಕೊಂಡು, ಮರಳಿ ಬರಲು ಒಂದು ಹಾಡು ಬೇಕಾಗಿದ್ದ ಮೂವರು ಹುಡುಗಿಯರು. ಯಾರದೋ ದನಿ ಎತ್ತಿ ಖಾಲಿಯಾದ ಜಾಗಕ್ಕೆ, ತಮ್ಮಲ್ಲೇ ಒಂದು ದನಿ ಖಾಲಿಯಾಗಿದ್ದ ತಂಡ ಬಂದು ಕೂತಿತು. ಕತೆಗಾರ ಹೀಗೆ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಡಿಸ್ಕಿನ ಮೇಲೆ ಹಾಡು ಬರೆದವರ ಹೆಸರುಗಳನ್ನು ಓದಿದರೆ ವಂಶವೃಕ್ಷ ಓದಿದಂತಾಗುತ್ತದೆ. ಗ್ಯಾರಿ ನ್ಯೂಮನ್ ಇದ್ದಾನೆ. ಫಂಕ್ ಸಂಗೀತದ ಬೂಟ್ಸಿ ಕಾಲಿನ್ಸ್ ಮತ್ತು ಜಾರ್ಜ್ ಕ್ಲಿಂಟನ್ ಕೂಡ ಇದ್ದಾರೆ, ಯಾಕೆಂದರೆ 1995ರ ಹಾಡೇ ಅವರ 1976ರ ಒಂದು ಹಾಡಿನಿಂದ ತುಣುಕು ಎರವಲು ಪಡೆದಿತ್ತು. ಎರವಲಿನ ಮೇಲೆ ಎರವಲು. ಹಾಡಿದ ಮೂವರ ಹೆಸರು ಆ ಪಟ್ಟಿಯಲ್ಲಿಲ್ಲ. ಮೊದಲ ಆಲ್ಬಮ್ಮಿನಲ್ಲಿ ತಾವೇ ಕೂತು ಬರೆದು 'ನಮ್ಮ ಹಾಡು' ಎನ್ನಿಸಿಕೊಂಡಿದ್ದವರು ತಮ್ಮದಲ್ಲದ ಹಾಡಿನಿಂದ ತಮ್ಮ ಗುರುತನ್ನು ಮರಳಿ ಪಡೆದರು. 2002ರ ಏಪ್ರಿಲ್ ಕೊನೆಗೆ ಅದು ಬ್ರಿಟನ್ನಿನಲ್ಲಿ ನೇರ ಮೊದಲ ಸ್ಥಾನಕ್ಕೆ ಬಂತು. ಶಿವಾನ್ ಹೋಗಿ ಎಂಟು ತಿಂಗಳಾಗಿತ್ತು.

ಎರಡನೆಯ ಸಿಂಗಲ್ 'ರೌಂಡ್ ರೌಂಡ್' ಆಗಸ್ಟಿನಲ್ಲಿ ಬಂತು, ಅದೂ ಮೊದಲ ಸ್ಥಾನಕ್ಕೆ. ಇದನ್ನು ಮಾಡಿದ್ದು ಕೆಂಟ್ ಪ್ರಾಂತದ ಝೆನೋಮೇನಿಯಾ ಎಂಬ ನಿರ್ಮಾಪಕ ಕೂಟ. ಅದರ ಯಜಮಾನ ಬ್ರಯನ್ ಹಿಗಿನ್ಸ್, 1998ರಲ್ಲಿ ಶೆರ್ ಹಾಡಿದ 'ಬಿಲೀವ್' ಬರೆದವರಲ್ಲಿ ಒಬ್ಬ. ಇವರ ಕೆಲಸದ ಕ್ರಮ ಕೌದಿ ಹೊಲಿಯುವವರ ಹಾಗೆ. ಒಂದು ಹಾಡನ್ನು ಪಲ್ಲವಿಯಿಂದ ಚರಣಕ್ಕೆ ಸರಿಯಾಗಿ ಬರೆದುಕೊಂಡು ಹೋಗುವುದಿಲ್ಲ. ತುಂಡು ತುಂಡು ಮಟ್ಟುಗಳನ್ನು ಬೇರೆ ಬೇರೆಯಾಗಿ ಮಾಡಿಟ್ಟು, ಯಾವುದರ ಪಕ್ಕ ಯಾವುದು ಕೂತರೆ ಕಿವಿ ನಿಮಿರುತ್ತದೆ ಎಂದು ನೋಡಿ ಹೊಲಿಯುತ್ತಾರೆ. 'ರೌಂಡ್ ರೌಂಡ್' ಅದೇ ಜಾತಿಯದು. ತಳದ ತಾಳ ಜರ್ಮನಿಯ ಡುಬ್ಲೆಕ್ಸ್ ಇಂಕ್ ಎಂಬ ತಂಡದ ಟ್ರ್ಯಾಕಿನಿಂದ ಬಂದದ್ದು. ಪಲ್ಲವಿ ಗಿರಗಿರನೆ ಸುತ್ತುತ್ತಿರುತ್ತದೆ. ಅರ್ಧ ದಾಟಿದ ಮೇಲೆ ಇದ್ದಕ್ಕಿದ್ದಂತೆ ತಾಳ ಸಡಿಲವಾಗಿ, ಯಾವುದೋ ಬೇರೆ ಹಾಡಿನೊಳಗೆ ಬಂದುಬಿಟ್ಟೆವೇನೋ ಎನ್ನುವಂತೆ ಎಲ್ಲ ನಿಧಾನವಾಗುತ್ತದೆ. ನೀವು ತಬ್ಬಿಬ್ಬಾಗುವ ಹೊತ್ತಿಗೆ ಮತ್ತೆ ಪಲ್ಲವಿ ಎತ್ತಿಕೊಂಡು ಹೋಗುತ್ತದೆ. ಇಂಥ ಹೊಲಿಗೆಯಲ್ಲಿ ಒಬ್ಬಳೇ ಮುಖ್ಯ ಗಾಯಕಿ ಇರಬೇಕಾಗಿಲ್ಲ. ತುಂಡಿಗೊಬ್ಬಳು ಹಾಡಿದರೂ ನಡೆಯುತ್ತದೆ, ಯಾರು ಹಳಬಳು ಯಾರು ಹೊಸಬಳು ಎಂದು ಕೇಳುಗನಿಗೆ ಅಷ್ಟಾಗಿ ಹೊಳೆಯುವುದೂ ಇಲ್ಲ.

ಅದೇ ಡಿಸೆಂಬರಿನಲ್ಲಿ ಈ ಕೂಟ ಟಿವಿ ಸ್ಪರ್ಧೆಯಿಂದ ಹುಟ್ಟಿದ ಗರ್ಲ್ಸ್ ಅಲೌಡ್ ತಂಡಕ್ಕೆ ಮೊದಲ ಹಾಡು ಮಾಡಿಕೊಟ್ಟಿತು, ಅದು ಕ್ರಿಸ್ಮಸ್ ವಾರದ ಮೊದಲ ಸ್ಥಾನ ಪಡೆಯಿತು. ಮುಂದಿನ ಹಲವು ವರ್ಷ ಬ್ರಿಟಿಷ್ ಪಾಪ್‌ನಲ್ಲಿ ಈ ಕೌದಿ ಶೈಲಿಯ ದರ್ಬಾರು.

ಆಲ್ಬಮ್ಮಿನ ಉಳಿದ ಹಾಡುಗಳನ್ನು ಇಷ್ಟು ಬಿಡಿಸಬೇಕಾಗಿಲ್ಲ. 'ಸ್ಟ್ರಾಂಗರ್' ನಿಧಾನದ, ವಯಲಿನ್‌ಗಳ ಹಾಡು. ಬಿದ್ದ ಮೇಲೆ ಎದ್ದು ನಿಲ್ಲುವ ಮಾತಾದ್ದರಿಂದ ತಂಡದ ಸ್ಥಿತಿಗೆ ಹೊಂದಿಕೊಂಡಿತು, 7ನೇ ಸ್ಥಾನಕ್ಕೆ ಬಂತು. 'ಶೇಪ್' ಮತ್ತೆ ಎರವಲು, ಇಂಗ್ಲಿಷ್ ಗಾಯಕ ಸ್ಟಿಂಗ್‌ನ 1993ರ ಹಾಡಿನ ಮೇಲೆ ಕಟ್ಟಿದ್ದು. ಅದಾಗಿ ಎರಡೇ ತಿಂಗಳಿಗೆ, 2003ರ ಮೇನಲ್ಲಿ, ಕ್ರೇಗ್ ಡೇವಿಡ್ ಎಂಬ ಇನ್ನೊಬ್ಬ ಇಂಗ್ಲಿಷ್ ಗಾಯಕ ಅದೇ ಸ್ಟಿಂಗ್ ಹಾಡನ್ನು ಬಳಸಿ ಇನ್ನೊಂದು ಹಾಡು ಮಾಡಿ 2ನೇ ಸ್ಥಾನಕ್ಕೆ ಹೋದ. 'ಶೇಪ್' 11ಕ್ಕೇ ನಿಂತಿತ್ತು. ಪಾಪ, ಒಂದೇ ಒಡವೆಯನ್ನು ಇಬ್ಬರು ಎರವಲು ಕೇಳಿದಾಗ ಹೀಗಾಗುತ್ತದೆ. ಡಿಸ್ಕಿನ ದ್ವಿತೀಯಾರ್ಧ ಸ್ವಲ್ಪ ಸೊರಗಿದೆ ಎಂಬುದೇ ನನ್ನ ಅಭಿಪ್ರಾಯ. ಮೊದಲ ನಾಲ್ಕು ಹಾಡುಗಳಲ್ಲಿ ಇರುವ ಬಿಗಿ ಆಮೇಲೆ ಸಡಿಲವಾಗುತ್ತದೆ, 'ವರ್ಜಿನ್ ಸೆಕ್ಸಿ' ಹಾಡನ್ನು ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಲವು ನಿರ್ಮಾಪಕರ ಕೈ ಬಿದ್ದ ಅಡುಗೆ. ಪಂಕ್ತಿಯ ಮೊದಲಿಗೆ ಬಡಿಸಿದ್ದು ರುಚಿ, ಕೊನೆಗೆ ಬಂದದ್ದು ಬರೀ ಸಾರು.

ಆದರೂ ಆಲ್ಬಮ್ 2ನೇ ಸ್ಥಾನಕ್ಕೆ ಏರಿತು, ಬ್ರಿಟನ್ನಿನಲ್ಲಿ ಮೂರು ಪಟ್ಟು ಪ್ಲಾಟಿನಮ್ ಆಯಿತು. ಅಲ್ಲಿ ಒಂದು ಪ್ಲಾಟಿನಮ್ ಅಂದರೆ 3 ಲಕ್ಷ ಪ್ರತಿ. ಮೊದಲ ಆಲ್ಬಮ್ 26ರಲ್ಲಿ ನಿಂತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 2003ರಲ್ಲಿ ಇವರಿಗೆ ಬ್ರಿಟನ್ನಿನ ಸಂಗೀತ ಲೋಕದ ಬ್ರಿಟ್ ಪ್ರಶಸ್ತಿಯೂ ಬಂತು, ಅದೂ ಅತ್ಯುತ್ತಮ ಡ್ಯಾನ್ಸ್ ತಂಡ ಎಂದು. ಕುಣಿಯದೇ ಹೆಸರು ಮಾಡಿದ್ದವರಿಗೆ!

ಗೆದ್ದ ಉಪಾಯ ಚಟವಾಗುವುದೂ ಉಂಟು. ಒಬ್ಬಳು ಹೋದರೂ ತಂಡ ನಡೆಯುತ್ತದೆ ಎಂದು ಈ ಆಲ್ಬಮ್ ತೋರಿಸಿತಲ್ಲ, ಆ ಪಾಠ ಬೇಡವೆಂದರೂ ಹಿಂಬಾಲಿಸಿತು. 2005ರ ಕೊನೆಯಲ್ಲಿ ಮುತ್ಯಾ ಹೊರಟಳು. ಅವಳಿದ್ದ ನಾಲ್ಕನೇ ಆಲ್ಬಮ್ ಆಗಷ್ಟೇ ಮೊದಲ ಸ್ಥಾನ ಕಂಡಿತ್ತು. ಅದರ ಕೆಲವು ಹಾಡುಗಳಿಗೆ ಹೊಸಬಳಾದ ಅಮೆಲ್ ಬೆರ್ರಾಬಾಳ ದನಿ ಸೇರಿಸಿ 2006ರಲ್ಲಿ ಮತ್ತೆ ಬಿಟ್ಟರು. ಹೈಡಿಯ ಹಳೆಯ ತಂಡ ಮಾಡಿದ್ದ ಅದೇ ಕೆಲಸ. 2009ರಲ್ಲಿ ಕೀಶಾ ಹೋಗಿ ಜೇಡ್ ಯುಯೆನ್ ಬಂದಳು. ಅಲ್ಲಿಗೆ ಹೆಸರು ಶುಗಾಬೇಬ್ಸ್, ಒಳಗೆ ಮೊದಲಿನವರು ಒಬ್ಬರೂ ಇಲ್ಲ. 2010ರಲ್ಲಿ ಆ ಮೂವರ 'ಸ್ವೀಟ್ 7' ಬಂತು, ಆಮೇಲೆ ತಂಡ ಸದ್ದಿಲ್ಲದೆ ಕರಗಿತು.

ಇಷ್ಟು ಸಲ ನಡೆದದ್ದು ಕೊನೆಯ ಸಲ ಯಾಕೆ ನಡೆಯಲಿಲ್ಲ? 2002ರಲ್ಲಿ ಮೂರರಲ್ಲಿ ಎರಡು ದನಿ ಉಳಿದಿದ್ದವು. ಹಾರ್ಮನಿಯ ತಳ, ಅಂದರೆ ಮುತ್ಯಾಳ ಕೆಳದನಿ, ಅಲುಗಿರಲಿಲ್ಲ. ಹೊಸ ದನಿ ಬೆರೆಯಲು ಒಂದು ಹೆಪ್ಪು ಇತ್ತು. 2009ರಲ್ಲಿ ಹೆಪ್ಪೂ ಹೋಯಿತು. ಹಾಲು ಎಷ್ಟಿದ್ದರೇನು.

ಇತ್ತ 2012ರಲ್ಲಿ ಮೊದಲಿನ ಮೂವರು ಮತ್ತೆ ಒಟ್ಟಾದಾಗ ಅವರ ಬಳಿ ದನಿಗಳಿದ್ದವು, ಹೆಸರಿರಲಿಲ್ಲ. ತಮ್ಮ ಬಾಲ್ಯದಲ್ಲಿ ತಾವೇ ಹೊತ್ತು ತಿರುಗಿದ ಹೆಸರನ್ನು ಬಳಸಲಾಗದೆ ಮುತ್ಯಾ ಕೀಶಾ ಶಿವಾನ್ ಎಂದು ತಮ್ಮ ತಮ್ಮ ಹೆಸರನ್ನೇ ಸಾಲಾಗಿ ಇಟ್ಟುಕೊಂಡು ಹಾಡಿದರು. ಶುಗಾಬೇಬ್ಸ್ ಎಂಬ ಹೆಸರು ಅವರ ಕೈಗೆ ಮರಳಿದ್ದು 2019ರಲ್ಲಿ.

2022ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಅವರಿಗೆ ಕೊಟ್ಟದ್ದು ಅವಲಾನ್ ಎಂಬ ಡೇರೆ. ಜನ ಎಷ್ಟು ನುಗ್ಗಿದರೆಂದರೆ ಒಳಗೆ ಬಿಡುವುದನ್ನೇ ನಿಲ್ಲಿಸಬೇಕಾಯಿತು. ಅವರು ಹಾಡಿದ್ದರಲ್ಲಿ 'ಓವರ್‌ಲೋಡ್' ಇತ್ತು, ಸರಿ. ಆದರೆ 2007ರ 'ಅಬೌಟ್ ಯೂ ನೌ' ಕೂಡ ಇತ್ತು. ಅದು ರೆಕಾರ್ಡ್ ಆದಾಗ ಮುತ್ಯಾ, ಶಿವಾನ್ ಇಬ್ಬರೂ ತಂಡದಲ್ಲಿರಲಿಲ್ಲ. 'ಫ್ರೀಕ್ ಲೈಕ್ ಮಿ' ಕೂಡ ಇತ್ತು. ಅಡೀನಾ ಹೊವಾರ್ಡ್ ದನಿ ತೆಗೆದು ಇವರು ಕೂತ ಆ ಹಾಡಿನಲ್ಲಿ, ಹೈಡಿ ಹಾಡಿದ್ದ ಜಾಗದಲ್ಲಿ ಈಗ ಶಿವಾನ್ ನಿಂತು ಹಾಡಿದಳು.